ಒಬ್ಬರಿಗೆ ಎರಡೇ ಪ್ಯಾಕೆಟ್

ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ್ದ ಲೈನು ಮನೆಗಳ ಕೊನೆಯಲ್ಲಿ ಕದಿರಮ್ಮನ ಅಂಗಡಿ ಇತ್ತು. ಅಂಗಡಿ ಎಂದರೆ ಅವಳ ಮನೆಯ ಮುಂದಿನ ಕೋಣೆಯೇ. ಸೆಲ್ವಿ ಅಲ್ಲಿ ಹನ್ನೊಂದು ವರ್ಷ ಪೊಟ್ಟಣ ಕಟ್ಟಿದಳು. ಅವಳ ಗಂಡ ವಿಜಯಕುಮಾರ್ ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಪೇಂಟಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಮಗಳು ಸುಮಿತಾಳನ್ನು ಶಾಲೆಗೆ ಕಳಿಸಿ ಸೆಲ್ವಿ ಅಂಗಡಿಗೆ ಬರುವಷ್ಟರಲ್ಲಿ ಕದಿರಮ್ಮ ಬಾಗಿಲು ತೆಗೆದು ಕೂತಿರುತ್ತಿದ್ದಳು.

ಅಲ್ಲಿ ಎಲ್ಲವೂ ಬಿಡಿಯಾಗಿ ಸಿಗುತ್ತಿತ್ತು. ಅರ್ಧ ತೆಂಗಿನಕಾಯಿ, ಸೀಸೆಯ ತಳ ಮುಚ್ಚುವಷ್ಟು ಎಣ್ಣೆ, ಒಂದು ಹೊತ್ತಿನ ಸಾರಿಗೆ ಬೇಕಾದಷ್ಟು ಬೇಳೆ. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿತ್ತು; ಲೈನಿನಲ್ಲಿ ದಿನಗೂಲಿಯವರೇ ಹೆಚ್ಚು. ಅಂದಿನ ಕೂಲಿ ಅಂದಿನ ಅಡುಗೆಗೆ ಸರಿಹೋಗುತ್ತಿತ್ತು. ಯಾರ ಮನೆಯಲ್ಲಿ ಯಾವ ಅಕ್ಕಿ ಬೇಯುತ್ತದೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಸೊಸೆ ಬಾಣಂತಿ ಎಂಬುದೆಲ್ಲ ಸೆಲ್ವಿಗೆ ಕೇಳದೆಯೇ ಗೊತ್ತಿತ್ತು.

ಕೋವಿಡ್ ಕಳೆದ ಮೇಲೆ ಮುಖ್ಯರಸ್ತೆಯಲ್ಲಿ ದೊಡ್ಡ ಮಾರ್ಟ್ ಒಂದು ಬಂತು. ಊರೂರಲ್ಲಿ ಶಾಖೆಗಳಿದ್ದ ಕಂಪನಿ. ಅಲ್ಲಿನ ಮ್ಯಾನೇಜರ್‌ಗೆ ಲೈನಿನ ಜನರ ಪರಿಚಯ ಇದ್ದವರು ಬೇಕಿತ್ತು. ಯಾರೋ ಸೆಲ್ವಿಯ ಹೆಸರು ಹೇಳಿದರು.

"ಅಕ್ಕ, ಮಾರ್ಟ್‌ನೋರು ಕೆಲ್ಸಕ್ಕೆ ಕರೀತಾವ್ರೆ," ಎಂದಳು ಸೆಲ್ವಿ. "ಪಿಎಫ್ ಐತಂತೆ. ವಾರಕ್ಕೊಂದಿನ ರಜಾನೂ ಕೊಡ್ತಾರಂತೆ."

ಕದಿರಮ್ಮ ಹುಣಸೆಹಣ್ಣು ತೂಗುತ್ತಿದ್ದವಳು ತೂಗಿ ಮುಗಿಸಿದಳು. "ಅದೆಲ್ಲ ನನ್ ಕೈಲಿ ಕೊಡಕ್ಕಾಗಲ್ಲ ಕಣಮ್ಮ. ಓಗು. ಮಗ್ಳು ಓದ್ತಾವ್ಳೆ."

ಅಷ್ಟೇ ಹೇಳಿದ್ದು. ಇನ್ನೆರಡು ಮಾತು ಬೈದಿದ್ದರೆ ಚೆನ್ನಾಗಿತ್ತು ಎಂದು ಸೆಲ್ವಿಗೆ ಎಷ್ಟೋ ಸಲ ಅನ್ನಿಸಿದೆ.

ಮೊದಲ ವಾರವೇ ಮ್ಯಾನೇಜರ್ ಅವಳ ಕೈಗೆ ಮಾರ್ಟಿನ ರಿಯಾಯಿತಿ ಕಾರ್ಡುಗಳ ಕಟ್ಟು ಕೊಟ್ಟು ಲೈನಿಗೆ ಕಳಿಸಿದ. ಯಾರ ಮನೆಯಲ್ಲಿ ಏನು ಹೇಳಬೇಕೆಂದು ಅವಳಿಗೆ ಕಲಿಸಬೇಕಿರಲಿಲ್ಲ. ಬಾಣಂತಿ ಇದ್ದ ಮನೆಯಲ್ಲಿ ಮಗುವಿನ ಸೋಪಿನ ಮಾತು, ಹೆಚ್ಚು ಜನ ಇದ್ದ ಮನೆಯಲ್ಲಿ ಅಕ್ಕಿ ಮೂಟೆಯ ಮಾತು. ನಾಲ್ಕು ದಿನದಲ್ಲಿ ಎಲ್ಲ ಮನೆಗಳ ಫೋನ್ ನಂಬರ್ ಬರೆದುಕೊಂಡು ಬಂದಳು. ಮ್ಯಾನೇಜರ್ ಕೆಲಸದವರೆಲ್ಲರ ಕೈಯಲ್ಲಿ ಚಪ್ಪಾಳೆ ತಟ್ಟಿಸಿದ. ಆ ದಿನ ಅವಳಿಗೆ ನಿಜವಾಗಿಯೂ ಖುಷಿಯಾಗಿತ್ತು.

ಲೈನಿನವರು ಕೂಲಿ ಬಂದ ದಿನ ಮಾರ್ಟ್‌ಗೆ ಹೋಗತೊಡಗಿದರು. ಕದಿರಮ್ಮನ ಹತ್ತಿರ ಉಳಿದದ್ದು ಬೆಂಕಿಪೆಟ್ಟಿಗೆ, ಕರ್ಪೂರ, ಕೊತ್ತಂಬರಿ ಸೊಪ್ಪಿನ ಗಿರಾಕಿಗಳು. ಬಂಗಾರಪೇಟೆಯ ಮಂಡಿಯಲ್ಲಿ ಅವಳಿಗೆ ಎಣ್ಣೆ ಸಿಗುತ್ತಿದ್ದ ದರಕ್ಕಿಂತ ಮಾರ್ಟ್‌ನಲ್ಲೇ ಅಗ್ಗ. ಹಾಗಾಗಿ ಒಂದು ದಿನ ಅವಳೇ ಚೀಲ ಹಿಡಿದು ಮಾರ್ಟ್‌ಗೆ ಬಂದಳು. ಸೆಲ್ವಿ ಬಿಲ್ಲಿಂಗ್‌ನಲ್ಲಿ ಕೂತಿದ್ದಳು. ಕದಿರಮ್ಮ ಐದು ಪ್ಯಾಕೆಟ್ ಎಣ್ಣೆ ಮುಂದಿಟ್ಟಳು.

ಅಂಗಡಿಯವರು ಕೊಂಡು ಹೋಗಿ ಮಾರಬಾರದೆಂದು ಕಂಪನಿ ನಿಯಮ ಮಾಡಿತ್ತು. ಮ್ಯಾನೇಜರ್ ಸೆಲ್ವಿಯ ಹಿಂದೆಯೇ ನಿಂತಿದ್ದ.

"ಒಬ್ರಿಗೆ ಎರಡೇ ಅಕ್ಕ," ಎಂದಳು ಸೆಲ್ವಿ, ಕಂಪ್ಯೂಟರ್ ನೋಡುತ್ತಾ.

ಕದಿರಮ್ಮ ಮೂರು ಪ್ಯಾಕೆಟ್ ಎತ್ತಿಕೊಂಡು ಹೋಗಿ ಇದ್ದಲ್ಲೇ ಇಟ್ಟು ಬಂದಳು. ಸಾಲಿನಲ್ಲಿ ಲೈನಿನ ಹೆಂಗಸರೇ ನಾಲ್ಕು ಜನ ಇದ್ದರು.

ಯುಗಾದಿ ಮುಗಿದ ಮೇಲೆ ಅಂಗಡಿ ಬಾಗಿಲು ತೆರೆಯಲಿಲ್ಲ. ಕದಿರಮ್ಮ ಕಾಮಸಮುದ್ರದ ಕಡೆ ಹಸು ಸಾಕಿದ್ದ ತಂಗಿಯ ಮನೆಗೆ ಹೋದಳೆಂದು ಸುದ್ದಿ ಬಂತು. ಹೋಗುವ ಮುಂಚೆ ಸೆಲ್ವಿಯ ಮನೆಗೆ ಬಂದು ಬಾಗಿಲಲ್ಲಿ ಕೂಗಿ ಕರೆದಿದ್ದಳಂತೆ, ಆಗ ಸೆಲ್ವಿ ಡ್ಯೂಟಿಯಲ್ಲಿದ್ದಳು.

ಮರುವರ್ಷವೇ ಮಾರ್ಟ್ ಮುಚ್ಚಿತು. ಈ ಊರಲ್ಲಿ ವ್ಯಾಪಾರ ಸಾಲದೆಂದು ಹೆಡ್ ಆಫೀಸಿನಿಂದ ಮೇಲ್ ಬಂದಿತ್ತು. ಎರಡು ದಿನದಲ್ಲಿ ಲಾರಿಗಳು ಬಂದು ರ‍್ಯಾಕುಗಳನ್ನೂ ಫ್ರಿಜ್‌ಗಳನ್ನೂ ತುಂಬಿಕೊಂಡು ಹೋದವು. ಲೈನಿನವರಿಗೆ ಮಾರ್ಟೂ ಇಲ್ಲ, ಅಂಗಡಿಯೂ ಇಲ್ಲದಂತಾಯಿತು. ಒಂದು ತೆಂಗಿನಕಾಯಿಗೂ ಪೇಟೆಯವರೆಗೆ ಆಟೋ ಹತ್ತಬೇಕು. ಲೈನಿನಲ್ಲೇ ಇದ್ದ ಮಂಡಿನೋವಿನ ಶ್ಯಾಮಲ ಎರಡು ದಿನ ಬೇಳೆಯಿಲ್ಲದೆ ಬರೀ ಹುಣಸೆರಸದ ಸಾರು ಮಾಡಿದೆನೆಂದು ಸೆಲ್ವಿಯ ಮುಂದೆ ಸುಮ್ಮನೆ, ದೂರೇನೂ ಇಲ್ಲದೆ ಹೇಳಿದಳು.

ಮರುದಿನ ಸೆಲ್ವಿ ಕಾಮಸಮುದ್ರದ ಬಸ್ಸು ಹತ್ತಿದಳು.

ಕದಿರಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಕೈ ತೊಳೆದು ಬಂದು ಕಾಫಿ ಕೊಟ್ಟಳು.

"ಬಂದ್ಬಿಡಕ್ಕ," ಎಂದಳು ಸೆಲ್ವಿ. "ಮೊದ್ಲಿನಂಗೇ ನಾನು ಪೊಟ್ಣ ಕಟ್ತೀನಿ. ಸಂಬ್ಳ ಏನೂ ಬ್ಯಾಡ, ಅಂಗಡಿ ನಿಲ್ಲೋಗಂಟ."

"ಆಗಲ್ಲಮ್ಮ. ತಕ್ಡಿ, ಡಬ್ಬ ಎಲ್ಲ ಕೊಟ್ಬಿಟ್ಟೆ. ಇಲ್ಲಿ ಅಸುಗಳು ಅವೆ. ಎದ್ದು ಬಂದ್ಮೇಲೆ ಮತ್ತೆ ಓಗಿ ಕೂರಕ್ಕೆ ಮನ್ಸು ಬರಲ್ಲ."

ಸೆಲ್ವಿ ಲೋಟ ಕೆಳಗಿಟ್ಟಳು. "ಅವತ್ತು ಎಣ್ಣೆ ವಿಷ್ಯ ಅಕ್ಕ..."

"ನಿನ್ ಕೆಲ್ಸ ನೀನ್ ಮಾಡ್ದೆ. ಅದ್ಕೇನು." ಕದಿರಮ್ಮ ಲೋಟ ಎತ್ತಿಕೊಂಡಳು. "ಒಂದ್ಸಲ ನನ್ ಮಕ ನೋಡ್ಬೋದಿತ್ತು ನೀನು."

ಬಸ್ಸಿನ ಹೊತ್ತಾಯಿತೆಂದು ಕದಿರಮ್ಮನೇ ಎಬ್ಬಿಸಿ ಕಳಿಸಿದಳು. ಹೊರಡುವಾಗ ಒಂದು ಸೀಸೆ ಹಾಲು ಕೊಟ್ಟಳು, ಸುಮಿತಾಳಿಗೆಂದು.

ತಾವೇ ಒಂದು ಅಂಗಡಿ ಇಡೋಣ ಎಂದು ವಿಜಯಕುಮಾರ್ ಹೇಳಿ ನೋಡಿದ. ಬಂಡವಾಳವೂ ಇರಲಿಲ್ಲ, ಜಾಗವೂ ಇರಲಿಲ್ಲ. ಕದಿರಮ್ಮನ ಜಾಗದಲ್ಲಿ ಕೂರುವ ಮುಖವೂ ಸೆಲ್ವಿಗೆ ಇರಲಿಲ್ಲ. ನೀನು ಹೋಗದಿದ್ದರೂ ಮಾರ್ಟ್‌ನವರು ಇನ್ನೊಬ್ಬರನ್ನು ಹುಡುಕುತ್ತಿದ್ದರು ಎಂದು ಅವನು ಸಮಾಧಾನ ಹೇಳುತ್ತಾನೆ. ಇರಬಹುದು. ಆದರೆ ಇನ್ನೊಬ್ಬರಿಗೆ ಆ ಮನೆಗಳ ಒಳಗಿನ ವಿಷಯ ಅಷ್ಟು ಗೊತ್ತಿರುತ್ತಿರಲಿಲ್ಲ ಎಂಬುದು ಅವಳ ಮನಸ್ಸಿನಿಂದ ಹೋಗಿಲ್ಲ.

ಈಗ ಸೆಲ್ವಿ ಬೇರೆಯವರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಾಳೆ. ಪ್ರತಿ ಗುರುವಾರ ಕೆಲಸಕ್ಕೆ ಹೋಗದೆ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ ಆರೇಳು ಮನೆಗಳಿಗೆ ಬೇಕಾದ ಸಾಮಾನು ಎರಡು ಚೀಲದಲ್ಲಿ ತರುತ್ತಾಳೆ. ಉಳಿದ ಮನೆಯವರೂ ಕೇಳುತ್ತಾರೆ. ಎರಡು ಚೀಲಕ್ಕಿಂತ ಹೆಚ್ಚು ಅವಳ ಕೈಯಲ್ಲಿ ಹೊರಲಾಗುವುದಿಲ್ಲ.