ಗಂಟಲಿಳಿಯದ ಜೇನು

ದೆವ್ವ, ಶಕುನ, ಪವಾಡ ಯಾವುದನ್ನೂ ನಾನು ನಂಬುತ್ತಿರಲಿಲ್ಲ. ಪತ್ರಿಕೆಯ ಸುದ್ದಿಮನೆಯಲ್ಲಿ ಕೂತವನಿಗೆ ಅಂಥ ನಂಬಿಕೆ ಹುಟ್ಟುವುದೂ ಕಷ್ಟ. ಹೇರೋಹಳ್ಳಿಯ ಹುಣಸೇಮರದಲ್ಲಿ ಯಾರೋ ಅಳುತ್ತಾರೆ, ಮೂಡಲಪಾಳ್ಯದಲ್ಲಿ ಬೇವಿನಮರ ಹಾಲು ಸುರಿಸುತ್ತಿದೆ ಎಂದೆಲ್ಲ ಸುದ್ದಿ ಬರುತ್ತಿತ್ತು. ಕಂಡವರು ಯಾರು, ಕಂಡದ್ದು ಏನು ಎಂದು ಕೇಳಿದರೆ ಸುದ್ದಿ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಈಗ ಬರೆಯುತ್ತಿರುವುದನ್ನೂ ಆಗ ಯಾರಾದರೂ ನನ್ನ ಮೇಜಿಗೆ ತಂದಿದ್ದರೆ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಆದರೆ ಇದು ನಡೆದದ್ದು ನನಗೇ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ರಾಜಾಜಿನಗರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನನ್ನ ತಂಗಿ ಗಿರಿಜಾಗೆ ಹೆಣ್ಣುಮಗು ಹುಟ್ಟಿತು. ಎರಡು ಬಸಿರು ನಿಲ್ಲದೆ ಹೋದ ಮೇಲೆ ಬಂದ ಮಗು. ಇನ್ನೊಂದು ಬಸಿರನ್ನು ಇವಳ ಮೈ ತಾಳುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ವಿಷಯ ತಿಳಿದ ಕೂಡಲೇ ಕುರುಬರಹಳ್ಳಿಯ ನನ್ನ ಮನೆಯಿಂದ ನಡೆದೇ ಹೋದೆ.

ನಮ್ಮಲ್ಲಿ ಹುಟ್ಟಿದ ಮಗುವಿನ ನಾಲಿಗೆಗೆ ಮೊದಲು ಜೇನು ಮುಟ್ಟಿಸುವವನು ಸೋದರಮಾವ. ಅದಕ್ಕೆ ಮುಂಚೆ ಅವನು ತಾನೊಂದು ಹನಿ ನುಂಗಬೇಕು. ಅವನ ಗುಣ ಮಗುವಿಗೆ ಬರುತ್ತದಂತೆ. ಇಂಥದ್ದೆಲ್ಲ ಬೇಡವೆಂದು ಡಾಕ್ಟರುಗಳು ಹೇಳುತ್ತಿದ್ದರು, ಮನೆಯವರು ಮರೆಯಲ್ಲಿ ಮಾಡುತ್ತಿದ್ದರು. ಅವ್ವ ಬೆಳ್ಳಿ ಬಟ್ಟಲಲ್ಲಿ ಜೇನು ಹಿಡಿದು ವರಾಂಡಕ್ಕೇ ಬಂದಳು. ಒಳಗಿನಿಂದ ಗಿರಿಜಾಳ ದನಿ ಕೇಳಿಸಿತು. “ಅವ್ವಾ, ಅಣ್ಣನ ಕೈಲಿ ಬೇಡ ಕಣವ್ವ. ರಾತ್ರಿಯೆಲ್ಲಾ ಎದ್ದಿದ್ದು ಹಗಲೆಲ್ಲಾ ಗೊರಕೆ ಹೊಡೆಯೋ ಮಗು ಆಗ್ಬಿಡುತ್ತೆ.” ನನ್ನ ರಾತ್ರಿಪಾಳಿಯನ್ನು ಅವಳು ಸದಾ ಹೀಗೆ ಆಡಿಕೊಳ್ಳುತ್ತಿದ್ದಳು. ನಗುತ್ತಲೇ ಬೆರಳದ್ದಿ ಜೇನನ್ನು ಬಾಯಿಗಿಟ್ಟೆ. ಮಗುವನ್ನು ನಾನಿನ್ನೂ ನೋಡಿರಲಿಲ್ಲ.

ಜೇನು ಇಳಿಯಲಿಲ್ಲ. ಗಂಟಲಿನ ಕೆಳಗೆ ಯಾವುದೋ ಒಂದು ಜಾಗಕ್ಕೆ ಹೋಗಿ ನಿಂತಿತು. ಮುಂದೆ ದಾರಿಯೇ ಇಲ್ಲವೆಂಬಂತೆ ಮೇಲೆ ಬಂದು ನೊರೆಯಾಗಿ ಮೂಗು ಬಾಯಲ್ಲಿ ಚೆಲ್ಲಿತು. ಉಸಿರು ಕಟ್ಟಿ ಕೆಮ್ಮಿದೆ. ನೀರು ಕುಡಿದರೆ ನೀರೂ ಹಾಗೇ ವಾಪಸು ಬಂತು.

“ಜೇನೇ ಕೆಟ್ಟಿರ್ಬೇಕು. ಮಗೀಗೆ ಹಾಕೋದು ಬೇಡ” ಎಂದು ಅವ್ವ ಬಟ್ಟಲು ಕೆಳಗಿಟ್ಟಳು. ಬೇರೆ ಜೇನು ತರಲು ಗಿರಿಜಾಳ ಗಂಡ ಬಸವರಾಜು ಹೊರಟ. ಹೊರಡುವಾಗ ಬಟ್ಟಲಿಗೆ ಬೆರಳಿಟ್ಟು ನೆಕ್ಕಿ, “ಚೆನ್ನಾಗೇ ಇದ್ಯಲ್ಲ ಅತ್ತೆ” ಎಂದ. ಅವನು ಸಲೀಸಾಗಿ ನುಂಗಿದ್ದನ್ನು ನಾನು ನೋಡಿದೆ.

ಅವನು ಮರಳುವ ಮೊದಲೇ ಒಳಗೆ ಗಡಿಬಿಡಿಯಾಯಿತು. ಮಗುವಿನ ಬಾಯಿಂದ ನೊರೆ ಬರುತ್ತಿರುವುದನ್ನು ನರ್ಸ್ ಕಂಡಿದ್ದಳು. ಡಾಕ್ಟರಮ್ಮ ಸಣ್ಣ ರಬ್ಬರ್ ಕೊಳವೆಯೊಂದನ್ನು ಬಾಯಿಯ ಮೂಲಕ ಇಳಿಸಲು ನೋಡಿದರು. ಸ್ವಲ್ಪ ದೂರ ಹೋಗಿ ಅದು ಮಡಚಿಕೊಂಡು ಬಂತು. ಅವರು ಹೊರಗೆ ಬಂದು ಕೇಳಿದ ಮೊದಲ ಮಾತು, “ಬಾಯಿಗೆ ಏನಾದ್ರೂ ಹಾಕಿದ್ರಾ? ನಿಜ ಹೇಳಿ.” ಇಲ್ಲವೆಂದು ಅವ್ವ ತಲೆಯಾಡಿಸಿದಳು. ಮಗುವಿನ ಅನ್ನನಾಳ ಎದೆಯ ಹತ್ತಿರ ಚೀಲದಂತೆ ಮುಚ್ಚಿಕೊಂಡಿದೆ ಎಂದು ಡಾಕ್ಟರಮ್ಮ ಹೇಳಿದರು. ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ, ಹಾಕಿದ್ದು ಹೊಟ್ಟೆಗೆ ಹೋಗದೆ ಉಕ್ಕಿ ಶ್ವಾಸಕೋಶ ಸೇರುತ್ತದೆ, ಎದೆ ತೆರೆದು ನಾಳ ಜೋಡಿಸದಿದ್ದರೆ ಮಗು ಉಳಿಯುವುದಿಲ್ಲ ಎಂದರು. ಜೋಡಿಸಿದರೂ ಉಳಿಯುವುದು ಕಷ್ಟವೇ ಎಂಬುದನ್ನು ನನಗೊಬ್ಬನಿಗೆ ಪಕ್ಕಕ್ಕೆ ಕರೆದು ಹೇಳಿದರು.

ಭಯವಾದದ್ದು ಆಗ. ದೊಡ್ಡಾಸ್ಪತ್ರೆಗೆ ಹೋಗುವ ಕಾರಿನಲ್ಲಿ ನರ್ಸ್ ಮಗುವಿನ ತಲೆ ಎತ್ತರಿಸಿ ಹಿಡಿದು, ಬಾಯಲ್ಲಿ ತುಂಬುತ್ತಿದ್ದ ಜೊಲ್ಲನ್ನು ಕೊಳವೆಯಿಂದ ಹೀರುತ್ತಿದ್ದಳು. ಪಕ್ಕದಲ್ಲಿ ಕೂತು ನಾನು ನನ್ನ ಎಂಜಲನ್ನು ಕರವಸ್ತ್ರಕ್ಕೆ ಉಗುಳುತ್ತಿದ್ದೆ. ಮಗುವಿನ ಬಾಯಿ ತುಂಬಿದಾಗ ನನ್ನದೂ ತುಂಬುತ್ತಿತ್ತು. ಓದುಗರು ನಗಬಹುದು. ನನಗೆ ಮಗುವಿನ ಕಡೆ ನೋಡಲು ಧೈರ್ಯವಿರಲಿಲ್ಲ.

ಅಲ್ಲಿ ಗಂಟಲಿನ ಡಾಕ್ಟರೊಬ್ಬರು ನನ್ನ ಬಾಯೊಳಗೆ ಕನ್ನಡಿ ಹಿಡಿದು ನೋಡಿ, ಎಲ್ಲ ಸರಿಯಾಗಿದೆ ಎಂದರು. ಮರುದಿನ ಮಗುವನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವವರೆಗೂ ಒಂದು ಗುಟುಕು ನೀರು ನನ್ನೊಳಗೆ ಇಳಿದಿರಲಿಲ್ಲ. ಬಸವರಾಜು ಗೋಡೆಗೊರಗಿ ಕೂತಿದ್ದ. ಅವ್ವ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಬಹಳ ಹೊತ್ತು ಕಳೆಯಿತು. ಯಾರೂ ಹೊರಗೆ ಬರಲಿಲ್ಲ.

ಆಗ ಇದ್ದಕ್ಕಿದ್ದಂತೆ ನಾನು ನುಂಗಿದೆ. ಬೇಕೆಂದು ನುಂಗಿದ್ದಲ್ಲ. ಬಾಯಲ್ಲಿದ್ದ ಎಂಜಲು ತಾನಾಗಿ ಇಳಿದುಹೋಯಿತು. ಅಷ್ಟು ಹೊತ್ತು ಕಾದಿದ್ದ ಆ ಬಿಡುಗಡೆಯಿಂದ ನನಗೆ ಸಮಾಧಾನವಾಗಲಿಲ್ಲ. ಒಳಗೆ ನಾಳ ಜೋಡಿಸಿದರೋ, ಇಲ್ಲ, ಮಗುವಿಗೆ ಇನ್ನು ನುಂಗುವ ಅಗತ್ಯವೇ ಇಲ್ಲದಂತಾಯಿತೋ?

“ಅವ್ವಾ, ಗಂಟಲು ಬಿಡ್ತು” ಎಂದೆ.

ಅವಳು ತಕ್ಷಣ ನನ್ನ ಬಾಯಿಗೆ ಅಂಗೈ ಒತ್ತಿ, “ಸುಮ್ನಿರು. ಅವನ ಕಿವಿಗೆ ಬೀಳೋದು ಬೇಡ” ಎಂದು ಅಳಿಯನ ಕಡೆ ಕಣ್ಣು ತೋರಿಸಿದಳು. ನನ್ನ ತಲೆಯಲ್ಲಿ ಓಡುತ್ತಿದ್ದುದೇ ಅವಳ ತಲೆಯಲ್ಲೂ ಓಡುತ್ತಿತ್ತು. ಬಾಗಿಲು ತೆರೆಯುವವರೆಗೆ ಆ ಅಂಗೈಯನ್ನು ಅವಳು ತೆಗೆಯಲಿಲ್ಲ.

ಸರ್ಜನ್ ಹೊರಗೆ ಬಂದು, “ಜೋಡಿಸಿದೀವಿ. ಸೋರದೆ ಇದ್ರೆ ಉಳ್ಕೊಳ್ಳುತ್ತೆ” ಎಂದರು. ಸೋರಲಿಲ್ಲ. ಹಲವು ದಿನಗಳ ಮೇಲೆ ಮಗು ಬಾಯಿಂದ ಹಾಲು ಕುಡಿಯಿತು.

ಆಸ್ಪತ್ರೆ ಬಿಡುವ ದಿನ ಸರ್ಜನ್ ಹತ್ತಿರ ನನ್ನ ಕಥೆ ಹೇಳಿದೆ. ಅವರು ಒಳ್ಳೆಯ ಮನುಷ್ಯ, ನಗಲಿಲ್ಲ. “ಭಯ ಕಣ್ರೀ. ಭಯಕ್ಕೆ ಗಂಟಲು ಹಿಡ್ಕೊಳ್ಳುತ್ತೆ. ಎಷ್ಟೋ ಜನಕ್ಕೆ ಆಗುತ್ತೆ” ಎಂದರು. ಹೌದೆಂದೆ. ಆದರೆ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುವುದೇ ನನ್ನ ಕಸುಬು. ಎಷ್ಟು ಸಲ ಜೋಡಿಸಿದರೂ ಕ್ರಮ ಬದಲಾಗುವುದಿಲ್ಲ. ಗಂಟಲು ಹಿಡಿದದ್ದು ಮೊದಲು, ಭಯ ಬಂದದ್ದು ಆಮೇಲೆ. ಕಾಕತಾಳೀಯ ಎಂದೂ ಬರೆದು ನೋಡಿದ್ದೇನೆ, ಆ ಮಾತನ್ನು ನಾನೇ ಹೊಡೆದುಹಾಕಿದ್ದೇನೆ. ಅದರ ಜಾಗಕ್ಕೆ ಬೇರೆ ಮಾತು ಸಿಕ್ಕಿಲ್ಲ.

ಆ ಮಗುವೇ ಈಗ ಇಬ್ಬರು ಮಕ್ಕಳ ತಾಯಿ. ಗಟ್ಟಿಮುಟ್ಟಾಗಿ ಕೆಂಗೇರಿಯಲ್ಲಿದ್ದಾಳೆ. ಊಟ ಮಾಡುವಾಗ ಎಲ್ಲರಿಗೂ ಆಗುವಂತೆ ನನಗೂ ಒಮ್ಮೊಮ್ಮೆ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಮನೆಯವರು ನೀರು ಮುಂದೆ ಮಾಡುತ್ತಾರೆ. ನಾನು ಲೋಟ ಹಾಗೇ ಬಿಟ್ಟು ಎದ್ದು ಹೋಗಿ ಅವಳಿಗೆ ಫೋನ್ ಮಾಡುತ್ತೇನೆ. ಅತ್ತ ಕಡೆಯಿಂದ ಅವಳ ದನಿ ಕೇಳುವವರೆಗೆ ನುಂಗಲು ನನಗೆ ಧೈರ್ಯ ಬರುವುದಿಲ್ಲ.