ಹಗ್ಗದ ಮೇಲೆ ಕೂತವರು

ಎಪ್ಪತ್ತರ ದಶಕದಲ್ಲಿ ಕನ್ನೊಳ್ಳಿಯ ನಮ್ಮ ಹೊಲದಲ್ಲಿ ಬಾವಿ ತೋಡುವಾಗ, ಬಂಡೆಗೆ ಮದ್ದು ತುಂಬಿ ಸುರಂಗ ಹಾರಿಸಲು ಇಂಡಿಯಿಂದ ಒಬ್ಬರು ಬರುತ್ತಿದ್ದರು. ಸೈನ್ಯದಲ್ಲಿ ಸೇತುವೆ ಹಾರಿಸಿ ಬಂದವರಾದ್ದರಿಂದ ಎಲ್ಲರಿಗೂ ಅವರು ಮಿಲಿಟ್ರಿಯವರು. ಬತ್ತಿ ಹಚ್ಚಿ ಮೇಲೆ ಬಂದೊಡನೆ ಬಾವಿಗಿಳಿಯುವ ಹಗ್ಗ ಎಳೆದುಕೊಂಡು, ದೂರ ಒಯ್ದು, ಸಿಂಬಿ ಸುತ್ತಿ ಅದರ ಮೇಲೆ ಕೂತುಬಿಡುತ್ತಿದ್ದರು. ಯಾರಾದರೂ ಅವಸರ ಮಾಡಿದರೆ, "ಯಾರು ಬೆನ್ನ ಹತ್ತ್ಯಾರ್ರಿ?" ಎನ್ನುತ್ತಿದ್ದರು.

ನಾನು ಬುತ್ತಿ ಒಯ್ದ ಒಂದು ದಿನ, ಬತ್ತಿ ಹಚ್ಚಿ ಎಷ್ಟು ಹೊತ್ತಾದರೂ ಸುರಂಗ ಹಾರಲಿಲ್ಲ. ಆಳುಗಳೆಲ್ಲ ಸುಮ್ಮನೆ ಕೂತದ್ದು ಕಂಡು ನಮ್ಮ ಮಾವ ಸಿಡಿಮಿಡಿಗೊಂಡರು.

"ಮಿಲಿಟ್ರ್ಯಾಗೂ ಹಿಂಗ ಕುಂದರ್ತಿದ್ರೇನು?"

"ಇಲ್ರಿ. ಅಲ್ಲಿ ಕರೆಂಟಿನ ವಾಯರೂ ಜೋಡಸ್ತಿದ್ವಿ, ಬತ್ತೀನೂ ಇಡ್ತಿದ್ವಿ. ಒಂದು ಕೈಕೊಟ್ರ ಇನ್ನೊಂದು. ಎರಡೂ ಕೈಕೊಟ್ರ ಒಬ್ಬಾವ ಓಡಿ ಹೋಗಿ ಮತ್ತ ಹಚ್ಚಬೇಕು. ವೈರಿ ಸೇತುವಿ ದಾಟ್ತಾನಲ್ರಿ."

"ಹಂಗಾರ ಇಲ್ಲೂ ಇಳೀರಿ."

"ಇಲ್ಲಿ ಯಾರು ಬೆನ್ನ ಹತ್ತ್ಯಾರ್ರಿ?"

ಮಾವ ಹಗ್ಗಕ್ಕೆ ಕೈ ಹಾಕಿದರು. ಮಿಲಿಟ್ರಿಯವರು ಅದರ ಮೇಲಿಂದ ಏಳಲಿಲ್ಲ. ನನ್ನ ಕಡೆ ತಿರುಗಿ, "ತಂಗಿ, ಊಟಕ್ಕ ನೀಡವ್ವಾ" ಎಂದರು. ಅಂದು ಯಾರನ್ನೂ ಬಾವಿಯ ಹತ್ತಿರ ಬಿಡಲಿಲ್ಲ.

ಮರುದಿನ ಅವರೊಬ್ಬರೇ ಇಳಿದು ನೋಡಿದರು. ಬತ್ತಿ ತೊಯ್ದು ನಡುವೆಯೇ ಆರಿತ್ತು.

"ನಿನ್ನೆ ಇಳಿದಿದ್ರೂ ಏನೂ ಆಗ್ತಿರಲಿಲ್ಲ," ಎಂದರು ಮಾವ. "ಒಂದು ದಿನ ದಂಡ ಆತು."

"ಹೌದ್ರಿ, ಒಂದು ದಿನ ಹೋತು."

ಹಗ್ಗ ಸುತ್ತುತ್ತ ಅವರು ತಣ್ಣಗೆ ಹೇಳಿದರು: "ಅಲ್ಲಿ ನನ್ನ ಜೋಡಿಯವ ಮತ್ತ ಹಚ್ಚಲಿಕ್ಕ ಓಡಿ ಹೋದಾಗನೂ, ಬತ್ತಿ ಆರೇತಿ ಅಂತನ ತಿಳಿದಿದ್ವಿ."