ಅನ್ನಮ್ಮನ ಶಿವದಾರ

ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಅನ್ನಮ್ಮನ ರೊಟ್ಟಿ ಖಾನಾವಳಿ ಇದೆ. ಮಾನ್ವಿ ಕಡೆಯ ಕಲ್ಲೂರಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವಳು. ಬೆಳಗ್ಗೆ ಸ್ನಾನ, ಲಿಂಗಪೂಜೆ, ಆಮೇಲೆ ಒಲೆ. ಮಾತಿಗೆ ನಿಂತರೆ ಗಂಡ ಶರಣಯ್ಯನಿಗೆ ಉಸಿರು ಬಿಡಲೂ ಸಂದು ಕೊಡಳು. ತನ್ನ ಮೈಯ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ.

ಎಡ ಎದೆಯಲ್ಲಿ ಹುಣಸೆ ಬೀಜದಷ್ಟು ಗಡ್ಡೆ ಕೈಗೆ ಸಿಕ್ಕಾಗ ಅವಳು ಹೆದರಲೇ ಇಲ್ಲ. ಶಿವದಾರದಲ್ಲಿ ಇಳಿಬಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಸರಿಯಾಗಿ ಅಲ್ಲೇ ಕೂರುತ್ತಿತ್ತು. ರೊಟ್ಟಿ ಬಡಿಯುವಾಗ ಅದೇ ಒತ್ತಿ ಒತ್ತಿ ಹೀಗಾಗಿದೆ ಎಂದುಕೊಂಡು, ದಾರಕ್ಕೊಂದು ಗಂಟು ಹಾಕಿ ಕರಡಿಗೆಯನ್ನು ಮೇಲಕ್ಕೇರಿಸಿದಳು. ಎಂಥ ಜಾಣೆ! ನಾಲ್ಕು ತಿಂಗಳಲ್ಲಿ ಗಡ್ಡೆ ಅಡಿಕೆಯಷ್ಟಾಯಿತು. ಬೆನ್ನು ತಿಕ್ಕುವಾಗ ಸೊಸೆ ಐಶ್ವರ್ಯ ಅದನ್ನು ಕಂಡವಳೇ ಮರುದಿನ ರಾಯಚೂರಿನ ಆಸ್ಪತ್ರೆಗೆ ಎಳೆದೊಯ್ದಳು.

ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಅನ್ನಮ್ಮನಿಗೆ ಸಾವಿಗಿಂತ ಎದೆ ಹೋಗುವುದೇ ದೊಡ್ಡ ಭಯವಾಯಿತು.

"ಪೂರಾ ತೆಗೀತೀರೇನ್ರಿ ಡಾಕ್ಟರವ್ವಾ? ನನ್ನ ಲಿಂಗ ಕೂಡೋ ಜಾಗ ಅದು."

"ಇಲ್ರೀ ಯವ್ವಾ. ಗಡ್ಡಿ, ಅದರ ಸುತ್ತ ಒಂದೀಟು ತೆಗೀತೀವಿ. ಬಾಜೂಕಿನ ಮಾಂಸ ಸರಿಸಿ ತಗ್ಗು ತುಂಬ್ತೀವಿ. ಪ್ಲಾಸ್ಟಿಕ್ ಸರ್ಜರಿ ಮಾಡೋರ ಕೆಲಸ ಅದು. ಆಕಾರ ಉಳೀತದ. ಆಮ್ಯಾಲ ಕರೆಂಟ್, ಅಂದ್ರ ರೇಡಿಯೇಷನ್, ತಗೋಬೇಕಾಗ್ತದ."

"ಪ್ಲಾಸ್ಟಿಕ್ ತುಂಬ್ತೀರಾ?" ಅನ್ನಮ್ಮ ಹೌಹಾರಿದಳು.

"ಪ್ಲಾಸ್ಟಿಕ್ ಅಲ್ರೀ, ನಿಮ್ಮ ಮೈಯಿಂದು ನಿಮಗೇ ರೀ."

ರೊಟ್ಟಿ ಹರಿದರೆ ಅಂಚಿನ ಹಿಟ್ಟು ಸರಿಸಿ ಮುಚ್ಚುವ ಕೈ ಅವಳದು. ಥಟ್ಟನೆ ಅರ್ಥವಾಯಿತು.

ಆಪರೇಷನ್ ದಿನ ನರ್ಸ್ ಹಸೀನಾ ಬೇಗಂ, "ಬೆಳ್ಳಿ ಒಳಗ ಬಿಡಂಗಿಲ್ರೀ" ಎಂದಳು. ದೀಕ್ಷೆಯಾದಾಗಿನಿಂದ ಲಿಂಗ ಮೈ ಬಿಟ್ಟಿದ್ದಿಲ್ಲ. ಸ್ಟ್ರೆಚರ್ ಮೇಲೆ ಕೂತ ಅನ್ನಮ್ಮ ಜಪ್ಪಯ್ಯ ಎಂದರೂ ಮಲಗಲಿಲ್ಲ. ಹಸೀನಾ ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದು, "ಕರಡಿಗಿ ಸೊಸಿ ಕಡೆ ಕೊಡ್ರಿ. ಒಳಗಿನ ಲಿಂಗ ನೀವೇ ಇದರಾಗ ಸುತ್ರಿ" ಎಂದು ಸ್ವಚ್ಛವಾದ ಬಟ್ಟೆ ಕೊಟ್ಟಳು. ಅನ್ನಮ್ಮ ಸುತ್ತಿದ ಲಿಂಗವನ್ನು ಅವಳ ಬಲ ಅಂಗೈಯಲ್ಲೇ ಇರಿಸಿ ಮೆಲ್ಲಗೆ ಪಟ್ಟಿ ಕಟ್ಟಿದಳು. ದಿನವೂ ಅಂಗೈಯಲ್ಲಿಟ್ಟೇ ಪೂಜಿಸುತ್ತಿದ್ದ ಲಿಂಗ. ಅನ್ನಮ್ಮ ತೆಪ್ಪಗೆ ಮಲಗಿದಳು.

ಎಚ್ಚರವಾದಾಗ ಅದು ಅಂಗೈಯಲ್ಲೇ ಇತ್ತು. ಎದೆಯ ಪಟ್ಟಿ ಬಿಚ್ಚಿದ ದಿನ ಕನ್ನಡಿ ನೋಡಿದಳು. ತುಸು ಸಣ್ಣದಾಗಿತ್ತು, ಕೆಳಗೊಂದು ಗೆರೆ. ಆದರೆ ಅವಳದೇ ಎದೆ. ಕರೆಂಟ್ ಮುಗಿದು ಚರ್ಮ ಮಾಯುವವರೆಗೆ ಲಿಂಗ ಮತ್ತೆ ಸೇರಿದ ಕರಡಿಗೆಯನ್ನು ಬಲ ತೋಳಿಗೆ ಕಟ್ಟಿಕೊಂಡಿದ್ದಳು.

ಡಾಕ್ಟರು ಹ್ಞೂಂ ಎಂದ ಮರುದಿನ ಪೂಜೆ ಮುಗಿಸಿ ಹಳೆಯ ಶಿವದಾರ ಕೈಗೆತ್ತಿಕೊಂಡಳು. ತಾನೇ ಹಾಕಿದ್ದ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಕೊರಳಿಗೆ ಹಾಕಿದರೆ ಕರಡಿಗೆ ಜಾರಿ ತನ್ನ ಹಳೆಯ ಜಾಗದಲ್ಲೇ ಕೂತಿತು. ಅನ್ನಮ್ಮನಿಗೆ ಖುಷಿಗೆ ಅಳು ಬಂತು.

"ಯಾರ ಮುಂದ ಅಳಾಕತ್ತೀ?" ಹೊರಗಿನಿಂದ ಶರಣಯ್ಯ ಕೇಳಿದ.

"ಸುಮ್ಮನಿರ್ರಿ. ತಪ್ಪಾತು ಅನ್ನಾಕತ್ತೀನಿ. ನಾಕು ತಿಂಗಳು ಸುಳ್ಳೇ ಗಡ್ಡೀ ತಪ್ಪು ಈ ನನ್ನಪ್ಪನ ಮ್ಯಾಲ ಹಾಕಿದ್ದೆ."